ಹತ್ತು ಇಪ್ಪತ್ತಮೂರಾದ ಬಗೆ

ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ನಡೆಸುವ ಪುರುಷರ ಬ್ಯಾಸ್ಕೆಟ್‌ಬಾಲ್ ಟೂರ್ನಿಯನ್ನು ಬಿಗ್ ಟೆನ್ ಕಾನ್ಫರೆನ್ಸ್ ಎಂಬ ಕಾಲೇಜು ಕೂಟದ ತಂಡಗಳು ಎಷ್ಟು ಸಲ ಗೆದ್ದಿವೆ? 2025ರ ಟೂರ್ನಿಯವರೆಗಿನ ಲೆಕ್ಕಕ್ಕೆ ಎರಡು ಉತ್ತರಗಳಿವೆ: ಹತ್ತು ಮತ್ತು ಇಪ್ಪತ್ತಮೂರು. ಎರಡೂ ಸರಿ. ನಡುವಿನ ಹದಿಮೂರು ಪ್ರಶಸ್ತಿಗಳು ಯಾರೂ ಚೆಂಡು ಮುಟ್ಟದೆಯೇ ಬಂದು ಸೇರಿದವು. 2014ರಲ್ಲಿ ಮೇರಿಲ್ಯಾಂಡ್ ಬರುವಾಗ ಒಂದನ್ನು ತಂದಿತು. 2024ರ ಆಗಸ್ಟ್ 2ರಂದು ಯುಸಿಎಲ್‌ಎ ಹನ್ನೊಂದನ್ನೂ ಆರೆಗಾನ್ ಒಂದನ್ನೂ ಹೊತ್ತು ತಂದವು. ಬಿಗ್ ಟೆನ್ ಎಂದು ಹೆಸರಿಟ್ಟುಕೊಂಡು ಹದಿನೆಂಟು ತಂಡಗಳನ್ನು ಸಾಕುತ್ತಿರುವ ಕಾನ್ಫರೆನ್ಸಿಗೆ ಲೆಕ್ಕದ ಬಗ್ಗೆ ಅಂಥ ಸಂಕೋಚವೇನೂ ಇದ್ದಂತಿಲ್ಲ.

ನನ್ನ ಮಗಳು ಓದುವುದು ಒಹಾಯೋದಲ್ಲಿ, ಬಿಗ್ ಟೆನ್‌ಗೆ ಸೇರಿದ ವಿಶ್ವವಿದ್ಯಾಲಯದಲ್ಲಿ. ಆಗಸ್ಟಿನಲ್ಲಿ ಅವಳು ಬೀಗುತ್ತಾ, "ಅಪ್ಪಾ, ಇನ್ನು ಮೇಲೆ ನಮ್ಮದು ಇಪ್ಪತ್ತಮೂರು" ಎಂದಳು. ನಾನು ಲೆಕ್ಕಪರಿಶೋಧಕ. ಒಂದು ಸಂಸ್ಥೆ ಇನ್ನೊಂದನ್ನು ಕೊಂಡ ಮಾತ್ರಕ್ಕೆ ಅದರ ಹಿಂದಿನ ವರ್ಷಗಳ ಲಾಭವನ್ನು ತನ್ನ ಗಳಿಕೆ ಎಂದು ತೋರಿಸುವ ಹಾಗಿಲ್ಲ ಎಂದು ಹೇಳಿ ಹೇಳಿ ತಲೆ ನರೆತವನು. ಅವಳು ಹೇಳಿದ್ದನ್ನು ಸುಮ್ಮನೆ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಎಕ್ಸೆಲ್‌ನಲ್ಲಿ ಒಂದು ಹಾಳೆ ತೆರೆದೆ. 1939ರಿಂದ ಸಾಲುಸಾಲಾಗಿ ಚಾಂಪಿಯನ್ನರು; ಪಕ್ಕದಲ್ಲಿ ಎರಡು ಅಂಕಣ. ಗೆದ್ದಾಗ ಯಾವ ಕಾನ್ಫರೆನ್ಸು, ಈಗ ಯಾವ ಕಾನ್ಫರೆನ್ಸು.

ಈ ಆಟವನ್ನು ಹಿಂಬಾಲಿಸದವರಿಗೆ ಎರಡು ಮಾತು. ಅಮೆರಿಕದ ಕಾಲೇಜು ತಂಡಗಳು ಋತುವಿನ ಹೆಚ್ಚಿನ ಪಂದ್ಯಗಳನ್ನು ತಮ್ಮ ತಮ್ಮ ಕಾನ್ಫರೆನ್ಸ್, ಅಂದರೆ ಸುಮಾರು ಒಂದೇ ಅಂತಸ್ತಿನ ಕಾಲೇಜುಗಳ ಕೂಟ, ಅದರೊಳಗೆ ಆಡುತ್ತವೆ. ಮಾರ್ಚ್ ಬಂದಾಗ ಕಾನ್ಫರೆನ್ಸ್ ಟೂರ್ನಿ ಗೆದ್ದವರಿಗೆ ನೇರ ಪ್ರವೇಶ, ಉಳಿದ ಜಾಗಗಳಿಗೆ ಸಮಿತಿಯ ಆಯ್ಕೆ. 2025ರಲ್ಲಿ ಒಟ್ಟು 68 ತಂಡಗಳು. ಸೋತವರು ಅಂದೇ ಮನೆಗೆ.

ಹಾಳೆಯ ಮೊತ್ತ ಹೀಗೆ ಬಂತು. 2025ರವರೆಗೆ ಅಧಿಕೃತವಾಗಿ ಉಳಿದಿರುವ ಪ್ರಶಸ್ತಿಗಳು 85. (2020ರಲ್ಲಿ ಕೋವಿಡ್‌ನಿಂದಾಗಿ ಟೂರ್ನಿಯೇ ನಡೆಯಲಿಲ್ಲ, 2013ರ ಕಥೆ ಮುಂದೆ ಹೇಳುತ್ತೇನೆ.) 'ಗೆದ್ದಾಗ' ಎಂಬ ಅಂಕಣದಲ್ಲಿ ಎಸಿಸಿ 15, ಪ್ಯಾಕ್-12 ಮತ್ತು ಅದರ ಹಿಂದಿನ ಅವತಾರಗಳು 15, ಎಸ್‌ಇಸಿ 12, ಬಿಗ್ ಟೆನ್ 10, ಬಿಗ್ ಈಸ್ಟ್ 10, ಬಿಗ್ 12 ಬರೀ 3. 'ಈಗ' ಎಂಬ ಅಂಕಣಕ್ಕೆ ಬಂದರೆ ಬಿಗ್ ಟೆನ್ 23, ಎಸಿಸಿ 19, ಎಸ್‌ಇಸಿ 12, ಬಿಗ್ ಈಸ್ಟ್ 11, ಬಿಗ್ 12 ಕೂಡ 11. ಪ್ಯಾಕ್-12 ಸೊನ್ನೆ.

ಆ ಸೊನ್ನೆಯ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ತನ್ನನ್ನು ತಾನೇ ಚಾಂಪಿಯನ್ನರ ಕಾನ್ಫರೆನ್ಸ್ ಎಂದು ಕರೆದುಕೊಳ್ಳುತ್ತಿದ್ದ ಕೂಟ ಅದು. ಜಾನ್ ವುಡನ್ ತರಬೇತಿಯ ಯುಸಿಎಲ್‌ಎ 1964ರಿಂದ 1975ರ ನಡುವೆ ಹತ್ತು ಸಲ, ಅದರಲ್ಲಿ 1967ರಿಂದ 1973ರವರೆಗೆ ಸತತ ಏಳು ಸಲ ಗೆದ್ದದ್ದು ಅದರ ಅಂಗಳದಿಂದಲೇ. 2024ರಲ್ಲಿ ಆ ಮನೆ ಒಡೆಯಿತು. ಕೂಡುಕುಟುಂಬ ಪಾಲಾದಾಗ ಪಿತ್ರಾರ್ಜಿತ ಯಾವುದು, ಸ್ವಯಾರ್ಜಿತ ಯಾವುದು ಎಂದು ಜಗಳವಾಗುತ್ತದೆ. ಇಲ್ಲಿ ಜಗಳವೇ ಇರಲಿಲ್ಲ, ಎಲ್ಲವೂ ಸ್ವಯಾರ್ಜಿತ. ಯುಸಿಎಲ್‌ಎ ಮತ್ತು ಆರೆಗಾನ್ ತಮ್ಮ ಹನ್ನೆರಡನ್ನು ಬಿಗ್ ಟೆನ್‌ಗೆ ಒಯ್ದವು. ಸ್ಟ್ಯಾನ್‌ಫರ್ಡ್ 1942ರದ್ದನ್ನೂ ಕ್ಯಾಲಿಫೋರ್ನಿಯಾ 1959ರದ್ದನ್ನೂ ಎಸಿಸಿಗೆ ಕೊಂಡೊಯ್ದವು. ಎಸಿಸಿ ಎಂದರೆ ಅಟ್ಲಾಂಟಿಕ್ ಕರಾವಳಿಯ ಕಾನ್ಫರೆನ್ಸ್. ಈ ಎರಡೂ ಇರುವುದು ಪೆಸಿಫಿಕ್ ಕಡೆ. ಅರಿಜೋನಾ 1997ರದ್ದನ್ನು ಹಿಡಿದುಕೊಂಡು ಬಿಗ್ 12 ಸೇರಿತು. ಹಿಂದೆ ಉಳಿದ ಆರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್‌ಗಳ ಕೈಯಲ್ಲಿ ಒಂದು ಪ್ರಶಸ್ತಿಯೂ ಇಲ್ಲ. ಹದಿನೈದೂ ಖಾಲಿ.

ಹಾಳೆಯಲ್ಲಿ ನನಗೆ ತುಂಬ ಇಷ್ಟವಾದ ಸಾಲುಗಳು ಕನೆಕ್ಟಿಕಟ್‌ನವು. ಆರು ಪ್ರಶಸ್ತಿ. 1999, 2004, 2011 ಹಳೆಯ ಬಿಗ್ ಈಸ್ಟ್‌ನಲ್ಲಿ. 2013ರಲ್ಲಿ ಆ ಬಿಗ್ ಈಸ್ಟ್ ಒಡೆದು ಏಳು ಕ್ಯಾಥೊಲಿಕ್ ಕಾಲೇಜುಗಳು ಹೆಸರನ್ನೂ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಟೂರ್ನಿಯನ್ನೂ ತಮ್ಮೊಂದಿಗೆ ಒಯ್ದವು. ಉಳಿದವರು ಅಮೆರಿಕನ್ ಅಥ್ಲೆಟಿಕ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿದರು. ಕನೆಕ್ಟಿಕಟ್ ಉಳಿದವರ ಜೊತೆ ಉಳಿಯಿತು, ಮರುವರ್ಷವೇ 2014ರಲ್ಲಿ ಗೆದ್ದಿತು. 2020ರಲ್ಲಿ ಬಿಗ್ ಈಸ್ಟ್‌ಗೆ ವಾಪಸಾಗಿ 2023, 2024ರಲ್ಲಿ ಮತ್ತೆರಡು. ಒಂದೇ ಕಾಲೇಜು, ಒಂದೇ ಊರು, ಒಂದೇ ನೀಲಿ ಅಂಗಿ. ಕಾನ್ಫರೆನ್ಸ್ ಅಂಕಣದಲ್ಲಿ ಮಾತ್ರ ಐದು ಇಲ್ಲಿ, ಒಂದು ಅಲ್ಲಿ. ತಂಡದ ದಾಖಲೆ ಓದಿದರೆ ಇತಿಹಾಸ ಓದಿದಂತೆ ಇರುತ್ತದೆ. ಕಾನ್ಫರೆನ್ಸ್ ದಾಖಲೆ ಓದಿದರೆ ವಿಳಾಸ ಬದಲಾವಣೆಯ ಅರ್ಜಿ ಓದಿದಂತೆ. ಇದೇ ನನ್ನ ತಕರಾರು.

ಬಿಗ್ 12ರ ಮೂರು ಹನ್ನೊಂದಾದದ್ದೂ ಹೀಗೆಯೇ. ಆ ಕಾನ್ಫರೆನ್ಸ್ ಶುರುವಾದದ್ದೇ 1996ರಲ್ಲಿ. ಅದರ ಹೆಸರಿನಲ್ಲಿ ಗೆದ್ದವರು 2008 ಮತ್ತು 2022ರ ಕ್ಯಾನ್ಸಸ್, 2021ರ ಬೇಲರ್. ಉಳಿದ ಎಂಟರಲ್ಲಿ 1945, 46ರ ಒಕ್ಲಹೋಮ ಎ ಅಂಡ್ ಎಂ (ಇಂದಿನ ಒಕ್ಲಹೋಮ ಸ್ಟೇಟ್), 1961, 62ರ ಸಿನ್ಸಿನಾಟಿ ಎಲ್ಲ ಇವೆ. ಆ ಆಟಗಾರರು ಬಿಗ್ 12 ಎಂಬ ಹೆಸರನ್ನೇ ಕೇಳಿರಲಿಲ್ಲ.

ಎಸ್‌ಇಸಿ ಒಂದೇ ಎರಡೂ ಅಂಕಣಗಳಲ್ಲಿ ಹನ್ನೆರಡು. ಕೆಂಟಕಿ ಎಂಟು, ಫ್ಲಾರಿಡಾ ಮೂರು, ಆರ್ಕನ್ಸಾ ಒಂದು. ಹೊಸದಾಗಿ ಸೇರಿದ ಟೆಕ್ಸಸ್, ಒಕ್ಲಹೋಮ ಬರಿಗೈಯಲ್ಲಿ ಬಂದವು. ಲೆಕ್ಕಪರಿಶೋಧಕನಿಗೆ ಇಂಥ ಪುಸ್ತಕ ಕಂಡರೆ ಪ್ರೀತಿ ಉಕ್ಕುತ್ತದೆ. ಅಲ್ಲದೆ 2025ರಲ್ಲಿ ಎಸ್‌ಇಸಿ ಮಾಡಿದ್ದನ್ನು ಯಾವ ಕಾನ್ಫರೆನ್ಸೂ ಮಾಡಿರಲಿಲ್ಲ: ಹದಿನಾರು ತಂಡಗಳಲ್ಲಿ ಹದಿನಾಲ್ಕಕ್ಕೆ ಟೂರ್ನಿಯಲ್ಲಿ ಜಾಗ, ಕೊನೆಯ ಹದಿನಾರರಲ್ಲಿ ಏಳು, ಕೊನೆಯ ಎಂಟರಲ್ಲಿ ನಾಲ್ಕು, ಕೊನೆಗೆ ಸ್ಯಾನ್ ಆಂಟೋನಿಯೊದಲ್ಲಿ ಹ್ಯೂಸ್ಟನ್ ವಿರುದ್ಧ 65-63ರಿಂದ ಫ್ಲಾರಿಡಾಗೆ ಕಿರೀಟ. 23 ಗೆಲುವು, 13 ಸೋಲು. ಹದಿನಾಲ್ಕು ತಂಡ ಹೋಗಿ ಒಂದು ಗೆದ್ದರೆ ಹದಿಮೂರು ಸೋಲಲೇಬೇಕು, ಆ ಅಂಕಿಯನ್ನು ಯಾರೂ ಟೀಕಿಸುವ ಹಾಗಿಲ್ಲ.

ಹಾಗೆಂದು 2011ರ ಬಿಗ್ ಈಸ್ಟ್ ಅನ್ನು ಮರೆಯಬಾರದು. ಅಂದು ಹನ್ನೊಂದು ತಂಡಗಳು ಹೋದವು, ಅದುವೇ ಆಗಿನ ದಾಖಲೆ. ಹನ್ನೊಂದರಲ್ಲಿ ಕೊನೆಯ ಹದಿನಾರಕ್ಕೆ ತಲುಪಿದ್ದು ಎರಡೇ. ಎಲ್ಲರೂ ನಗುತ್ತಿರುವಾಗ ಆ ಎರಡರಲ್ಲಿ ಒಂದಾದ ಕನೆಕ್ಟಿಕಟ್ ಕಪ್ ಗೆದ್ದುಬಿಟ್ಟಿತು. ತನ್ನ ಕಾನ್ಫರೆನ್ಸಿನಲ್ಲಿ ಅದರ ಸ್ಥಾನ ಒಂಬತ್ತನೆಯದು! ನ್ಯೂಯಾರ್ಕಿನಲ್ಲಿ ಐದು ದಿನಗಳಲ್ಲಿ ಐದು ಪಂದ್ಯ ಗೆದ್ದು ಕಾನ್ಫರೆನ್ಸ್ ಟೂರ್ನಿ ವಶಪಡಿಸಿಕೊಂಡ ಕೆಂಬಾ ವಾಕರ್ ತಂಡ ಅದು. ಫೈನಲ್‌ನಲ್ಲಿ ಎದುರಾಳಿ ಬಟ್ಲರ್ 64 ಸಲ ಬುಟ್ಟಿಗೆ ಎಸೆದು ಒಳಗೆ ಹಾಕಿದ್ದು ಹನ್ನೆರಡು. ನೋಡಲು ಚಂದದ ಪಂದ್ಯವಲ್ಲ, ಆದರೆ ದಾಖಲೆ ಪುಸ್ತಕಕ್ಕೆ ಚಂದ ಬೇಕಿಲ್ಲ.

'ಗೆದ್ದಾಗ' ಅಂಕಣವನ್ನಾದರೂ ನಂಬಬಹುದೇ ಎಂದರೆ ಅದಕ್ಕೂ ಒಂದು ತೊಡಕಿದೆ. 1974ರವರೆಗೆ ಒಂದು ಕಾನ್ಫರೆನ್ಸಿನಿಂದ ಒಂದೇ ತಂಡ ಹೋಗಬೇಕೆಂಬ ನಿಯಮವಿತ್ತು. ಆ ವರ್ಷದ ಎಸಿಸಿ ಫೈನಲ್ ಗ್ರೀನ್ಸ್‌ಬರೋದಲ್ಲಿ. ಒಂದು ಕಡೆ ಡೇವಿಡ್ ಥಾಂಪ್ಸನ್, ಟಾಮ್ ಬರ್ಲ್‌ಸನ್ ಇದ್ದ ನಾರ್ತ್ ಕ್ಯಾರೊಲಿನಾ ಸ್ಟೇಟ್. ಇನ್ನೊಂದು ಕಡೆ ಲೆಫ್ಟಿ ಡ್ರೀಸೆಲ್ ತರಬೇತಿಯ ಮೇರಿಲ್ಯಾಂಡ್. ದೇಶದ ಅತ್ಯುತ್ತಮ ತಂಡಗಳ ಪಟ್ಟಿಯಲ್ಲಿ ಎರಡೂ ಮುಂಚೂಣಿಯಲ್ಲಿದ್ದವು. ಬರ್ಲ್‌ಸನ್ ಒಬ್ಬರೇ 38 ಅಂಕ ಹೊಡೆದರು. ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ 103-100ಕ್ಕೆ ಮುಗಿಯಿತು. ಗೆದ್ದವರು ಮುಂದೆ ಹೋಗಿ ಯುಸಿಎಲ್‌ಎಯನ್ನು ಸೆಮಿಫೈನಲ್‌ನಲ್ಲಿ ಎರಡು ಹೆಚ್ಚುವರಿ ಅವಧಿಗಳ ನಂತರ 80-77ರಿಂದ ಮಣಿಸಿ, ಆ ತಂಡದ ಟೂರ್ನಿಯ ಸತತ 38 ಗೆಲುವುಗಳ ಸರಪಳಿ ಕಡಿದು, ಪ್ರಶಸ್ತಿಯನ್ನೂ ಎತ್ತಿದರು. ಮೂರು ಅಂಕದಿಂದ ಸೋತ ಮೇರಿಲ್ಯಾಂಡ್‌ಗೆ ಟೂರ್ನಿಯ ಬಾಗಿಲೇ ತೆರೆಯಲಿಲ್ಲ. ಮರುವರ್ಷ ಟೂರ್ನಿ 32 ತಂಡಗಳದ್ದಾಯಿತು, ಒಂದು ಕಾನ್ಫರೆನ್ಸಿನಿಂದ ಎರಡನೆಯ ತಂಡಕ್ಕೂ ಅವಕಾಶ ಸಿಕ್ಕಿತು.

ಹಾಗಾಗಿ 2025ರ ಎಸ್‌ಇಸಿಯ ಹದಿನಾಲ್ಕನ್ನು 1970ರ ಯಾವ ಕಾನ್ಫರೆನ್ಸಿನ ಜೊತೆಗೂ ತೂಗುವಂತಿಲ್ಲ. ಆಗ ಗರಿಷ್ಠವೇ ಒಂದು. ಯುಸಿಎಲ್‌ಎಯ ಮೊದಲ ಒಂಬತ್ತು ಪ್ರಶಸ್ತಿಗಳಿಗೂ ತಲಾ ನಾಲ್ಕು ಗೆಲುವು ಸಾಕಾಗಿದ್ದವು. 64 ತಂಡಗಳ ಟೂರ್ನಿ ಬಂದ 1985ರಿಂದ ಆರು ಬೇಕು. ಇದನ್ನು ಹೇಳಿದರೆ ವುಡನ್ ಅಭಿಮಾನಿಗಳು ಸಿಡಿಮಿಡಿಗೊಳ್ಳುತ್ತಾರೆ. ಅವರ ಸಾಧನೆ ಕಡಿಮೆಯಾಗುವುದಿಲ್ಲ, ಸೋತರೆ ಮನೆಗೆ ಎನ್ನುವ ಆಟದಲ್ಲಿ 38 ಸಲ ಸೋಲದಿರುವುದು ಹುಡುಗಾಟವಲ್ಲ.

ಕಾನ್ಫರೆನ್ಸ್ ದಾಖಲೆಗಳಲ್ಲಿ ನಿಜಕ್ಕೂ ತಲೆಬಾಗುವಂಥದ್ದು ಒಂದಿದೆ ಎಂದರೆ ಅದು 1985ರ ಬಿಗ್ ಈಸ್ಟ್‌ನದು. ಕೊನೆಯ ನಾಲ್ಕರಲ್ಲಿ ಮೂರು ಅವರವೇ: ಜಾರ್ಜ್‌ಟೌನ್, ಸೇಂಟ್ ಜಾನ್ಸ್, ವಿಲನೋವಾ. 2025ರ ಎಸ್‌ಇಸಿಗೂ ಅದನ್ನು ಸರಿಗಟ್ಟಲಾಗಲಿಲ್ಲ. ಫೈನಲ್‌ನಲ್ಲಿ ಎಂಟನೆಯ ಶ್ರೇಯಾಂಕದ (ಟೂರ್ನಿಯ ನಾಲ್ಕು ವಿಭಾಗಗಳಲ್ಲೂ ತಂಡಗಳಿಗೆ ಒಂದರಿಂದ ಹದಿನಾರರವರೆಗೆ ಶ್ರೇಯಾಂಕ ಕೊಡುತ್ತಾರೆ) ವಿಲನೋವಾ, ಅದೇ ಋತುವಿನಲ್ಲಿ ತನ್ನನ್ನು ಎರಡು ಸಲ ಸೋಲಿಸಿದ್ದ ಜಾರ್ಜ್‌ಟೌನನ್ನು 66-64ರಿಂದ ಸೋಲಿಸಿತು. ಎಸೆದದ್ದು 28, ಬುಟ್ಟಿಗೆ ಬಿದ್ದದ್ದು 22. ದ್ವಿತೀಯಾರ್ಧದಲ್ಲಿ ಹತ್ತಕ್ಕೆ ಒಂಬತ್ತು! ಅಷ್ಟು ಕೆಳಗಿನ ಶ್ರೇಯಾಂಕದವರು ಮತ್ತೆ ಗೆದ್ದಿಲ್ಲ.

ಇಷ್ಟೆಲ್ಲ ಗೊಂದಲವಿದ್ದರೂ ಕಾನ್ಫರೆನ್ಸ್ ಕಚೇರಿಗಳು ಈ ಅಂಕಿಗಳನ್ನು ಯಾಕೆ ಎದೆಗವಚಿಕೊಳ್ಳುತ್ತವೆ? ದುಡ್ಡಿಗಾಗಿ. ಟೂರ್ನಿಯಲ್ಲಿ ಒಂದು ತಂಡ ಆಡುವ ಒಂದೊಂದು ಪಂದ್ಯಕ್ಕೂ, ಫೈನಲ್ ಹೊರತಾಗಿ, ಅದರ ಕಾನ್ಫರೆನ್ಸಿಗೆ ಒಂದು 'ಯೂನಿಟ್' ಜಮೆಯಾಗುತ್ತದೆ. ಒಂದು ಯೂನಿಟ್ ಎಂದರೆ ಆರು ವರ್ಷಗಳಲ್ಲಿ ಕಂತಾಗಿ ಬರುವ ಸುಮಾರು ಇಪ್ಪತ್ತು ಲಕ್ಷ ಡಾಲರ್. 2025ರಲ್ಲಿ ಎಸ್‌ಇಸಿ ತಂಡಗಳು ಫೈನಲ್ ಬಿಟ್ಟು ಆಡಿದ ಪಂದ್ಯಗಳ ಲೆಕ್ಕ 35. ಏಳು ಕೋಟಿ ಡಾಲರ್ ಹತ್ತಿರ. ಚೆಕ್ ಬರುವುದು ಕಾನ್ಫರೆನ್ಸ್ ಹೆಸರಿಗೆ, ಹಂಚುವುದು ಅವರ ಇಷ್ಟ. 1939ರ ಮೊದಲ ಟೂರ್ನಿ ಸುಮಾರು ಎರಡೂವರೆ ಸಾವಿರ ಡಾಲರ್ ನಷ್ಟದಲ್ಲಿ ಮುಗಿದಿತ್ತು ಎಂಬುದನ್ನು ನೆನೆದರೆ ನನಗೆ ಕಚೇರಿಯಲ್ಲೂ ನಗು ಬರುತ್ತದೆ.

2022ರ ಸೇಂಟ್ ಪೀಟರ್ಸ್ ನೆನಪಿದೆಯೇ? ಜೆರ್ಸಿ ಸಿಟಿಯ ಸಣ್ಣ ಕಾಲೇಜು, ಹದಿನೈದನೆಯ ಶ್ರೇಯಾಂಕ. ಕೆಂಟಕಿ, ಮರ್ರೆ ಸ್ಟೇಟ್, ಪರ್ಡೂ ಮೂವರನ್ನೂ ಮನೆಗೆ ಕಳಿಸಿ ಕೊನೆಯ ಎಂಟಕ್ಕೆ ಬಂದಿತು. ಹದಿನೈದನೆಯ ಶ್ರೇಯಾಂಕದವರು ಅಲ್ಲಿಯವರೆಗೆ ಬಂದದ್ದು ಅದೇ ಮೊದಲು. ಆಡಿದ್ದು ನಾಲ್ಕು ಪಂದ್ಯ, ನಾಲ್ಕು ಯೂನಿಟ್. ಅವು ಸೇರಿದ್ದು ಅವರ ಕಾನ್ಫರೆನ್ಸಾದ ಎಂಎಎಸಿ ಖಾತೆಗೆ. ಕೋಚ್ ಶಹೀನ್ ಹಾಲೊವೇ ಕೆಲವೇ ದಿನಗಳಲ್ಲಿ ಸೀಟನ್ ಹಾಲ್‌ಗೆ ಹೋದರು. ಕಾಲೇಜಿಗೆ ಉಳಿದದ್ದು ದಾಖಲೆ ಮತ್ತು ಪಾಲಿನ ಹಣ.

ಕೊಲಂಬಸ್‌ನ ನೇಷನ್‌ವೈಡ್ ಅರೀನಾದಲ್ಲಿ 2023ರ ಮಾರ್ಚ್ 17ರ ಸಂಜೆ ನಾನಿದ್ದೆ. ಪಕ್ಕದ ಕುರ್ಚಿಯಲ್ಲಿ ಪರ್ಡೂನಲ್ಲಿ ಓದಿದ ಸಹೋದ್ಯೋಗಿ. ಒಂದನೆಯ ಶ್ರೇಯಾಂಕದ ಪರ್ಡೂಗೆ ಎದುರಾಳಿ ನ್ಯೂಜೆರ್ಸಿಯ ಫೇರ್ಲಿ ಡಿಕಿನ್ಸನ್, ಹದಿನಾರನೆಯ ಶ್ರೇಯಾಂಕ. ದೇಶದ ಮೊದಲ ದರ್ಜೆಯ ತಂಡಗಳಲ್ಲೇ ಅತ್ಯಂತ ಕುಳ್ಳ ತಂಡ. ಪರ್ಡೂ ಬಳಿ ಏಳು ಅಡಿ ನಾಲ್ಕು ಅಂಗುಲದ ಜ್ಯಾಕ್ ಈಡಿ. ಆಟಗಾರರು ಸಾಲಾಗಿ ನಿಂತಾಗಲೇ ಸಹೋದ್ಯೋಗಿ ಎರಡನೆಯ ಸುತ್ತಿನ ಟಿಕೆಟ್ ಬಗ್ಗೆ ಮಾತಾಡತೊಡಗಿದ್ದರು. ಕುಳ್ಳರು ಮಾಡಿದ್ದು ಇಷ್ಟೇ: ಈಡಿಯ ಹಿಂದೊಬ್ಬ, ಮುಂದೊಬ್ಬ, ಚೆಂಡು ಅವರ ಕೈಗೆ ತಲುಪುವ ದಾರಿಯಲ್ಲಿ ಮತ್ತೊಬ್ಬ. ಈಡಿಗೆ 21 ಅಂಕ, 15 ರೀಬೌಂಡ್ ಸಿಕ್ಕವು ನಿಜ, ಆದರೆ ಉಳಿದವರು ದೂರದಿಂದ ಎಸೆದೆಸೆದು ಸುಸ್ತಾದರು. ಕೊನೆಯ ಗಳಿಗೆಯಲ್ಲಿ ಕೊಲಂಬಸ್ ಕಡೆಯ ಹುಡುಗನೇ ಆದ ಶಾನ್ ಮೂರ್ ಮೂರು ಅಂಕದ ಗೆರೆಯ ಹಿಂದಿನಿಂದ ಎಸೆದದ್ದು ಒಳಗೆ ಬಿತ್ತು. ಅಂಗಣದ ಅರ್ಧಕ್ಕರ್ಧ ಜನ, ಯಾರ ಕಡೆಯವರೂ ಅಲ್ಲದವರು, ಆ ಕ್ಷಣ ನ್ಯೂಜೆರ್ಸಿಯವರಾದರು. 63-58. ಸಹೋದ್ಯೋಗಿ ಕೋಟು ಹಾಕಿಕೊಂಡು ಎದ್ದರು, ಪಾರ್ಕಿಂಗ್‌ವರೆಗೆ ಒಂದು ಮಾತಿಲ್ಲ.

ಪುರುಷರ ಟೂರ್ನಿಯಲ್ಲಿ ಹದಿನಾರನೆಯವರು ಒಂದನೆಯವರನ್ನು ಸೋಲಿಸಿದ್ದು ಅದಕ್ಕೂ ಮುಂಚೆ ಒಂದೇ ಸಲ, 2018ರಲ್ಲಿ ಯುಎಂಬಿಸಿ ವರ್ಜೀನಿಯಾವನ್ನು 74-54ರಿಂದ ಕೆಡವಿದಾಗ. (ಮಹಿಳೆಯರ ಟೂರ್ನಿಯಲ್ಲಿ ಹಾರ್ವರ್ಡ್ ಇದನ್ನು 1998ರಲ್ಲೇ, ಸ್ಟ್ಯಾನ್‌ಫರ್ಡ್ ವಿರುದ್ಧ ಮಾಡಿ ಮುಗಿಸಿತ್ತು, ಪುರುಷರ ದಾಖಲೆ ಬರೆಯುವವರು ಇದನ್ನು ಮರೆಯುವುದರಲ್ಲಿ ನಿಸ್ಸೀಮರು.) ಫೇರ್ಲಿ ಡಿಕಿನ್ಸನ್ ವಿಚಾರದಲ್ಲಿ ನನಗೆ ಇನ್ನೂ ರುಚಿಸುವ ಸಂಗತಿ ಬೇರೆ: ಆ ತಂಡ ತನ್ನ ಕಾನ್ಫರೆನ್ಸಿನ ಫೈನಲ್ ಸೋತಿತ್ತು. ಗೆದ್ದ ಮೆರಿಮ್ಯಾಕ್ ಕೆಳದರ್ಜೆಯಿಂದ ಆಗಷ್ಟೇ ಮೇಲೇರುತ್ತಿದ್ದ ಕಾಲೇಜಾದ್ದರಿಂದ ನಿಯಮದ ಪ್ರಕಾರ ಟೂರ್ನಿಗೆ ಅರ್ಹವಿರಲಿಲ್ಲ. ಸೋತವರು ಹೋಗಿ ಇತಿಹಾಸ ಬರೆದರು. ಯಾವ ಕಾನ್ಫರೆನ್ಸ್ ಅಂಕಣವೂ ಇದನ್ನು ಹಿಡಿದಿಡುವುದಿಲ್ಲ.

ಇನ್ನು 2013. ಲೂಯಿವಿಲ್ 82-76ರಿಂದ ಮಿಷಿಗನ್ ತಂಡವನ್ನು ಸೋಲಿಸಿತು, ಲ್ಯೂಕ್ ಹ್ಯಾನ್ಕಾಕ್ ಶ್ರೇಷ್ಠ ಆಟಗಾರರಾದರು. ಆಟಗಾರರ ನೇಮಕಾತಿಯಲ್ಲಿ ನಡೆದ ಅಕ್ರಮಗಳಿಗಾಗಿ 2018ರಲ್ಲಿ ಎನ್‌ಸಿಎಎ ಆ ಪ್ರಶಸ್ತಿಯನ್ನು ರದ್ದುಮಾಡಿತು. ಪುರುಷರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಚಾಂಪಿಯನ್ ಪಟ್ಟ ರದ್ದಾದದ್ದು ಅದೇ ಮೊದಲು. ಕಾಲೇಜು ತನ್ನ ಧ್ವಜ ಇಳಿಸಿತು. ಆದರೆ ಮಿಷಿಗನ್‌ನ ಸೋಲು ರದ್ದಾಗಲಿಲ್ಲ. ರದ್ದಾಗುವುದು ತಪ್ಪು ಮಾಡಿದವರ ಗೆಲುವು ಮಾತ್ರ, ಎದುರಾಳಿಯ ಸೋಲು ಸೋಲಾಗಿಯೇ ಉಳಿಯುತ್ತದೆ. 2019ರಲ್ಲಿ ಆಟಗಾರರು ಹೂಡಿದ್ದ ಮೊಕದ್ದಮೆ ರಾಜಿಯಲ್ಲಿ ಮುಗಿದು ಹ್ಯಾನ್ಕಾಕ್‌ಗೆ ತಮ್ಮ ಗೌರವ ವಾಪಸು ಸಿಕ್ಕಿತು. ಈಗ ಪುಸ್ತಕದಲ್ಲಿ ಸೋತವರಿದ್ದಾರೆ, ಶ್ರೇಷ್ಠ ಆಟಗಾರರಿದ್ದಾರೆ, ಗೆದ್ದವರಿಲ್ಲ. ಖರ್ಚು ಬರೆದು ಜಮೆ ಬರೆಯದ ಇಂಥ ಪುಟವನ್ನು ನನ್ನ ಕಿರಿಯ ಸಹಾಯಕರು ತಂದರೆ ಅದನ್ನು ಅವರ ಮೇಜಿಗೇ ಹಿಂತಿರುಗಿಸುತ್ತಿದ್ದೆ. ನನ್ನ ಹಾಳೆಯಲ್ಲಿ ಆ ಸಾಲನ್ನು ಅಳಿಸಿಲ್ಲ. ಅಂಕಗಳ ಸಮೇತ ಬೂದು ಬಣ್ಣದಲ್ಲಿ ಇಟ್ಟಿದ್ದೇನೆ, ಮೊತ್ತಕ್ಕೆ ಸೇರಿಸಿಲ್ಲ.

ಪ್ರಶಸ್ತಿ ಗೆದ್ದವರ ಹಾಳೆ ಮುಗಿದ ಮೇಲೆ ಒಳಗೇ ಕಾಲಿಡದವರ ಹಾಳೆ ಮಾಡಿದೆ. ನಾರ್ತ್‌ವೆಸ್ಟರ್ನ್ ಬಹುಕಾಲ ಅದರ ರಾಜನಾಗಿತ್ತು. 1939ರ ಮೊದಲ ಫೈನಲ್, ಆರೆಗಾನ್ 46-33ರಿಂದ ಒಹಾಯೋ ಸ್ಟೇಟ್ ತಂಡವನ್ನು ಸೋಲಿಸಿದ್ದು, ನಡೆದದ್ದೇ ನಾರ್ತ್‌ವೆಸ್ಟರ್ನ್‌ನ ಜಿಮ್‌ನಲ್ಲಿ. ಮನೆಯವರಿಗೆ ಪಂಗ್ತಿಯಲ್ಲಿ ಎಲೆ ಸಿಕ್ಕಿದ್ದು 2017ರಲ್ಲಿ. 1948ರಿಂದಲೂ ಮೊದಲ ದರ್ಜೆಯಲ್ಲಿದ್ದು 2025ರವರೆಗೂ ಒಮ್ಮೆಯೂ ಹೋಗದೆ ಉಳಿದವರಲ್ಲಿ ಆರ್ಮಿ (ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ತಂಡ), ದಿ ಸಿಟಡೆಲ್, ವಿಲಿಯಂ ಅಂಡ್ ಮೇರಿ ಇವೆ.

ಇವರಲ್ಲಿ ಆರ್ಮಿಯ ಸೊನ್ನೆ ಬೇರೆ ಜಾತಿಯದು. 1968ರಲ್ಲಿ, ಬಾಬ್ ನೈಟ್ ಕೋಚ್ ಆಗಿದ್ದಾಗ, ಟೂರ್ನಿಯ ಆಹ್ವಾನ ಬಂದಿತ್ತು. ಅವರು ಅದನ್ನು ಒಲ್ಲೆ ಎಂದು ನ್ಯೂಯಾರ್ಕಿನ ಎನ್‌ಐಟಿ ಟೂರ್ನಿಗೆ ಹೋದರು. 1970ರಲ್ಲಿ ಮಾರ್ಕೆಟ್ ವಿಶ್ವವಿದ್ಯಾಲಯದ ಕೋಚ್ ಅಲ್ ಮಗ್ವೈರ್ ಕೂಡ ತಮ್ಮನ್ನು ದೂರದ ವಿಭಾಗಕ್ಕೆ ಹಾಕಿದರೆಂದು ಸಿಟ್ಟಾಗಿ ಎನ್‌ಸಿಎಎ ಆಹ್ವಾನವನ್ನು ತಿರಸ್ಕರಿಸಿ, ಎನ್‌ಐಟಿಗೆ ಹೋಗಿ ಗೆದ್ದೂ ಬಂದರು. ಆಮೇಲೆ ಕರೆದರೆ ಬರಲೇಬೇಕು ಎಂದು ಎನ್‌ಸಿಎಎ ನಿಯಮ ಮಾಡಿತು. ಹಾಳೆಯಲ್ಲಿ ಈಗ 'ಕರೆದರೂ ಬರಲಿಲ್ಲ' ಎಂದು ಮೂರನೆಯ ಅಂಕಣವೊಂದನ್ನು ಸೇರಿಸಿದ್ದೇನೆ. ಸದ್ಯಕ್ಕೆ ಅದರಲ್ಲಿ ಈ ಎರಡು ಹೆಸರುಗಳಿವೆ. ಮಗಳಿಗೆ ಬಿಗ್ ಟೆನ್‌ನವರು ಯಾರೂ ಇಲ್ಲವಲ್ಲ ಎಂಬ ಬೇಸರ.